ನಾನು ಸೇವಂತಿಗೆಗೆ ದೀಪ ಹಾಕಿಸಿದ್ದು

ಬೆಳಕಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನನ್ನದು ದೀಪದ ಅಂಗಡಿ. ಮುಖ್ಯರಸ್ತೆಯ ತಿರುವಿನಲ್ಲಿ ಹಾಡಹಗಲಲ್ಲೂ ಕಣ್ಣು ಕುಕ್ಕುತ್ತಿರುತ್ತದಲ್ಲ, ಅದೇ. ಮಂಚದ ಪಕ್ಕದ ಪುಟ್ಟ ದೀಪದಿಂದ ಹಿಡಿದು ಆಟದ ಮೈದಾನಕ್ಕೆ ಹಾಕುವ ದೈತ್ಯ ದೀಪದವರೆಗೆ ಎಲ್ಲವೂ ನನ್ನಲ್ಲಿ ಸಿಗುತ್ತದೆ. ಯಾವ ಕೋಣೆಗೆ ಎಷ್ಟು ಬೆಳಕು ಬೇಕೆಂದು ಹೊಸ್ತಿಲಲ್ಲಿ ನಿಂತೇ ಹೇಳಬಲ್ಲೆ. ಇಂಥ ನನ್ನನ್ನು ಕಂಡರೆ ಈಗ ನಮ್ಮ ಬೀದಿಯ ಹೆಂಗಸರು ಹೂಕುಂಡಗಳನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಲೋಕದ ಕೃತಜ್ಞತೆ ಎಂದರೆ ಇಷ್ಟೇ.

ತಪ್ಪು ಯಾರದೆಂದು ನೀವೇ ತೀರ್ಮಾನ ಮಾಡಿ. (ಮಾಡುವ ಮುಂಚೆ, ನನ್ನ ಉದ್ದೇಶ ಒಳ್ಳೆಯದಿತ್ತು ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ.)

ಶರತ್ಕಾಲ ಬಂತೆಂದರೆ ನನ್ನ ಹೆಂಡತಿಯ ಕೈತೋಟಕ್ಕೆ ಎಲ್ಲಿಲ್ಲದ ಕಳೆ. (ಕಳೆ ಎಂದರೆ ಕಾಂತಿ. ಇನ್ನೊಂದು ಕಳೆಯನ್ನು ಅವಳು ಮೊಳಕೆಯಲ್ಲೇ ಕಿತ್ತೆಸೆಯುತ್ತಾಳೆ.) ಗೇಟಿನ ಎರಡೂ ಕಡೆ ಅಂಗೈಯಗಲದ ಡೇರೆ ಹೂಗಳು. ಕಾಂಪೌಂಡಿನ ಮೇಲೆ ಹತ್ತಿ ಕೂತ ಬಳ್ಳಿಯಲ್ಲಿ ಕುಂಬಳಕಾಯಿಗಳು ಬಿಸಿಲಿಗೆ ಮೈಯೊಡ್ಡಿ ಹಳದಿ ತಿರುಗುತ್ತಿರುತ್ತವೆ. ಟೊಮೇಟೊ ಗಿಡಗಳು ಹಣ್ಣಿನ ಭಾರಕ್ಕೆ ಕಟ್ಟಿದ ಕೋಲನ್ನೇ ಎಳೆದುಕೊಂಡು ವಾಲಿರುತ್ತವೆ. ಗುಲಾಬಿಗೆ ಎರಡನೇ ಸಲ ಮೊಗ್ಗು ಬಂದಿರುತ್ತದೆ. ಇಷ್ಟೆಲ್ಲ ಇದ್ದರೂ ಅವಳ ಪ್ರಾಣ ಇರುವುದು ಕಿಟಕಿಯ ಕೆಳಗೆ ಸಾಲಾಗಿ ಜೋಡಿಸಿದ ಸೇವಂತಿಗೆ ಕುಂಡಗಳಲ್ಲಿ. ನನಗೆ ಜ್ವರ ಬಂದರೆ "ಮಾತ್ರೆ ಡಬ್ಬೀಲಿದೆ, ತಗೊಳ್ಳಿ" ಎನ್ನುವವಳು, ಸೇವಂತಿಗೆಯ ಒಂದು ಎಲೆ ಬಾಡಿದರೆ ಅಂದಿನ ಅಡಿಗೆಯನ್ನೇ ಮರೆಯುತ್ತಾಳೆ.

ಈ ವರ್ಷ ಅದಕ್ಕೊಂದು ಬಲವಾದ ಕಾರಣವೂ ಇತ್ತು. ನನ್ನಾಕೆ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಾಳೆ. ಅಲ್ಲಿಯ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮಕ್ಕಳ ಗಲಾಟೆ ತಡೆಯಲಾರದೆ ಇವಳು ಅಳುತ್ತಾ ರಾಜೀನಾಮೆ ಬರೆದುಕೊಂಡು ಹೋದಾಗ, ಆಕೆ ಅದನ್ನು ಓದದೆಯೇ ಮಡಚಿ, ಅಲುಗಾಡುತ್ತಿದ್ದ ತಮ್ಮ ಮೇಜಿನ ಕಾಲಿಗೆ ಒತ್ತು ಕೊಟ್ಟು, "ಈಗ ಸರಿಹೋಯ್ತು ನೋಡು. ಹೋಗಮ್ಮ, ಕ್ಲಾಸಿಗೆ ಹೊತ್ತಾಯ್ತು" ಎಂದಿದ್ದರಂತೆ. ಅಂದಿನಿಂದ ನನ್ನಾಕೆಗೆ ಅವರೆಂದರೆ ಹೆತ್ತ ತಾಯಿಗಿಂತ ಒಂದು ತೂಕ ಹೆಚ್ಚು. (ಇದನ್ನು ಅತ್ತೆಯ ಮುಂದೆ ಹೇಳಬೇಡಿ. ಅವರು ನಮ್ಮ ಮನೆಯಲ್ಲೇ ಇದ್ದಾರೆ.) ಆ ದೊಡ್ಡ ಮೇಡಂ ಶರತ್ಕಾಲದ ಕೊನೆಗೆ ನಿವೃತ್ತರಾಗುವವರಿದ್ದರು. ಬೀಳ್ಕೊಡುಗೆಗೆ ಏನು ಬೇಕೆಂದು ಕೇಳಿದರೆ, "ಜೀವಮಾನವೆಲ್ಲ ಸೀಮೆಸುಣ್ಣದ ಧೂಳು ಕುಡಿದಿದೀನಿ. ಕೊನೇ ದಿನ ಒಂದಿಷ್ಟು ಸೇವಂತಿಗೆ ವಾಸನೆ ಸಿಕ್ಕರೆ ಸಾಕು" ಅಂದರಂತೆ. ನನ್ನಾಕೆ ಎಲ್ಲರೆದುರು ಎದ್ದು ನಿಂತು, ಸಭಾಂಗಣದ ತುಂಬ ತನ್ನ ಕೈಯಾರೆ ಬೆಳೆದ ಸೇವಂತಿಗೆ ಇಡುತ್ತೇನೆಂದು ಮಾತು ಕೊಟ್ಟು ಬಂದಳು.

ಅವತ್ತೇ ನನ್ನ ತಲೆಯಲ್ಲಿ ಬಲ್ಬು ಹೊತ್ತಿಕೊಂಡಿತು. ಶರತ್ಕಾಲದಲ್ಲಿ ಹಗಲು ಕುಗ್ಗುತ್ತದೆ. ಗಿಡಕ್ಕೆ ಬೆಳಕೇ ಊಟ. ವರ್ಷವಿಡೀ ದುಡಿದು, ಹೂ ಬಿಡುವ ಹೊತ್ತಿಗೆ ಸರಿಯಾಗಿ ಪಾಪದ ಗಿಡಗಳಿಗೆ ಅರೆಹೊಟ್ಟೆ! ಪ್ರಕೃತಿಮಾತೆಯ ಈ ಘೋರ ಲೋಪವನ್ನು ಸರಿಪಡಿಸಲು ದೀಪದ ಅಂಗಡಿಯವನಲ್ಲದೆ ಇನ್ನಾರು ಮುಂದೆ ಬಂದಾರು?

ಮರುದಿನವೇ ಅಂಗಡಿಯಿಂದ ದೊಡ್ಡ ದೀಪವೊಂದನ್ನು ತಂದು ಸಜ್ಜದ ಕೆಳಗೆ ಕೂರಿಸಿದೆ.

"ಗಿಡಕ್ಕೆ ದೀಪ ಯಾಕ್ರೀ? ಅವೇನು ಪರೀಕ್ಷೆಗೆ ಓದ್ಕೋಬೇಕಾ?" ಎಂದಳು ನನ್ನಾಕೆ.

"ನಿನಗೆ ಗೊತ್ತಾಗಲ್ಲ. ಹಗಲೂ ಬೆಳಕು, ರಾತ್ರೀನೂ ಬೆಳಕು. ಊಟ ಡಬಲ್, ಹೂವೂ ಡಬಲ್."

"ಹೋದ ವರ್ಷ ದೀಪ ಇಲ್ದೇನೇ ಹೂ ಬಿಟ್ಟಿದ್ವಲ್ಲ?"

"ಹೋದ ವರ್ಷ ಸಭಾಂಗಣ ತುಂಬೋಷ್ಟು ಬಿಟ್ಟಿದ್ವಾ? ಇಲ್ಲ ತಾನೇ? ಬೆಳಕಿನ ವಿಷಯ ನನಗೆ ಬಿಡು."

ಅವಳು ಬಿಟ್ಟಳು. ಮದುವೆಯಾದ ಮೇಲೆ ಅವಳು ನನಗೆ ಬಿಟ್ಟ ವಿಷಯ ಅದೊಂದೇ, ಆದ್ದರಿಂದ ನನ್ನ ಉತ್ಸಾಹವನ್ನು ನೀವು ಅರ್ಥಮಾಡಿಕೊಳ್ಳಬೇಕು.

ಸಂಜೆ ದೀಪ ಹಾಕಿದೆ ನೋಡಿ! ಡೇರೆ, ಗುಲಾಬಿ, ಕುಂಬಳ, ಸೇವಂತಿಗೆ ಎಲ್ಲವೂ ನಾಟಕದ ರಂಗದ ಮೇಲೆ ಬಂದು ನಿಂತಂತೆ ಕಂಡವು. ಕೆಲಸ ಮುಗಿಸಿ ಮನೆಗೆ ಹೋಗುವವರು ಗೇಟಿನ ಬಳಿ ನಿಂತು ನೋಡತೊಡಗಿದರು. ಅತ್ತೆ ಮಾತ್ರ ಮಾರನೆಯ ದಿನ ಮುಖ ಊದಿಸಿಕೊಂಡು ಕೂತಿದ್ದರು. "ಅಳಿಯಂದಿರೇ, ನಿಮ್ಮ ಪ್ರತಾಪದಿಂದ ಬೆಳಗಾಯ್ತು ಅಂದ್ಕೊಂಡು ರಾತ್ರಿ ಎರಡು ಸಲ ಹಲ್ಲುಜ್ಜಿದೆ. ಇರೋ ನಾಲ್ಕು ಹಲ್ಲೂ ಸವೆದುಹೋಗುತ್ತೆ."

"ಹಲ್ಲು ಸವೆದ್ರೂ ಹೂ ಬರುತ್ತೆ ಬಿಡಿ, ಅತ್ತೆ" ಎಂದೆ.

ಎದುರುಮನೆಯ ಡ್ರಿಲ್ ಮಾಸ್ತರು ಬೆನ್ನು ನೆಟ್ಟಗೆ ಮಾಡಿಕೊಂಡು ಬಂದರು. ಅವರ ಮನೆಯಲ್ಲೂ ಸೇವಂತಿಗೆ ಕುಂಡಗಳು ಪರೇಡಿಗೆ ನಿಂತಂತೆ ಸಾಲಾಗಿವೆ. ನನ್ನ ಊಟದ ಸಿದ್ಧಾಂತವನ್ನು ಅವರಿಗೆ ವಿವರಿಸಿದೆ. "ಶಿಸ್ತಿನ ಮಾತು!" ಎಂದು ಮೆಚ್ಚಿ, ಅವರೂ ಒಂದು ದೀಪ ಕೊಂಡರು. ಅವರನ್ನು ನೋಡಿ ಪಕ್ಕದ ಮನೆಯವರು, ಪಕ್ಕದವರನ್ನು ನೋಡಿ ಅದರಾಚೆಯವರು. ಕೆಲವೇ ದಿನಗಳಲ್ಲಿ ನಮ್ಮ ಬೀದಿಯಲ್ಲಿ ಕತ್ತಲೆ ಎಂಬುದೇ ಇಲ್ಲವಾಯಿತು. ಕೊಳ್ಳದೆ ಉಳಿದವನು ಒಬ್ಬನೇ, ಬೀದಿಯ ತುದಿಯಲ್ಲಿ ಎತ್ತರದ ಗೋಡೆಯ ಹಿಂದೆ ಒಂಟಿಯಾಗಿರುವ ನಿವೃತ್ತ ಟೈಪಿಸ್ಟ್. ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ. ನಾವೆಲ್ಲ ಅವನನ್ನು ಬಿಗಿಮುಷ್ಟಿ ಎಂದೇ ಕರೆಯುವುದು. ಹೊತ್ತು ಮುಳುಗುವುದರೊಳಗೆ ಉಂಡು ಮಲಗಿಬಿಡುತ್ತಾನೆ. ತಡವಾದರೆ ಕತ್ತಲಲ್ಲೇ ಉಣ್ಣುತ್ತಾನೆ. ನಾನು ದೀಪದ ಮಾತೆತ್ತಿದಾಗ, "ಬಾಯಿ ಎಲ್ಲಿದೆ ಅಂತ ಕೈಗೆ ಗೊತ್ತಿಲ್ವಾ?" ಎಂದು ಗೇಟು ಹಾಕಿಕೊಂಡ. ಹಾಳಾಗಿಹೋಗಲಿ, ಇವನ ಗಿಡ ಉಪವಾಸ ಸಾಯಲಿ ಎಂದುಕೊಂಡು ಬಂದೆ.

ವಾರಗಳು ಉರುಳಿದವು. ಗುಲಾಬಿ ಅರಳಿತು. ಟೊಮೇಟೊ ಕೆಂಪಾಯಿತು. ಕುಂಬಳ ಬಲಿತು ಗೋಡೆಯಿಂದ ಇಳಿಯಿತು. ಸೇವಂತಿಗೆ ಮಾತ್ರ ಸೊಂಪಾಗಿ, ಹಸಿರಾಗಿ, ಸೊಂಟದೆತ್ತರ ಬೆಳೆದು ನಿಂತಿತು. ಎಲೆಯೋ ಎಲೆ. ಮೊಗ್ಗು ಎಂಬ ಮಾತಿಲ್ಲ.

"ಊಟ ಚೆನ್ನಾಗಿ ಮೈಗೆ ಹತ್ತಿದೆ. ಇನ್ನೇನು ಬಿಡುತ್ತೆ" ಎಂದೆ.

ಬಿಡಲಿಲ್ಲ. ನನ್ನಾಕೆ ಬೆಳಗೆದ್ದು ಮೊದಲು ಕುಂಡಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕುಡಿಯನ್ನು ಬೆರಳಿಂದ ಬಿಡಿಸಿ ನೋಡುತ್ತಿದ್ದಳು. ಎದ್ದು ಒಳಗೆ ಬರುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. ಹೆಂಡತಿಯ ಸಂಕಟ ನೋಡಿ ಸುಮ್ಮನೆ ಕೂರುವ ಗಂಡಸು ನಾನಲ್ಲ. ಗೊಬ್ಬರ ಸರಿಯಿಲ್ಲವೆಂದು ಗೊಬ್ಬರ ಬದಲಿಸಿದೆ. ನೀರು ಸರಿಯಿಲ್ಲವೆಂದೆ. ಅತ್ತೆ ಗಿಡಗಳ ಮುಂದೆ ಕೂತು ನಿಟ್ಟುಸಿರು ಬಿಡುವುದೇ ಕಾರಣವೆಂದು ಅವರ ಕುರ್ಚಿಯನ್ನು ಹಿತ್ತಲಿಗೆ ಹಾಕಿಸಿದೆ. ಕೊನೆಗೆ, ಬೆಳಕು ಸಾಲದು ಎಂದು ತೀರ್ಮಾನಿಸಿ ಇನ್ನೊಂದು ದೀಪ ತಂದು ಹಾಕಿದೆ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಎಂದರು ಅತ್ತೆ, ಹಿತ್ತಲಿಂದಲೇ.

ಡ್ರಿಲ್ ಮಾಸ್ತರ ಮನೆಯಲ್ಲೂ ಅದೇ ಕಥೆ, ಇಡೀ ಬೀದಿಯಲ್ಲೂ ಅದೇ ಕಥೆ. ಬೀಳ್ಕೊಡುಗೆಗೆ ಇನ್ನು ಮೂರೇ ದಿನ ಇದ್ದಾಗ ಮಾಸ್ತರು ಏದುಸಿರು ಬಿಡುತ್ತಾ ಬಂದರು.

"ಬನ್ರೀ, ಬೇಗ ಬನ್ರೀ! ಬಿಗಿಮುಷ್ಟಿ ಮನೇಲಿ ಸೇವಂತಿಗೆ ಬಿಟ್ಟಿದೆ! ಗೇಟಿನ ಸಂದಿಯಿಂದ ಕಾಣುತ್ತೆ. ಗುಡ್ಡೆ ಗುಡ್ಡೆ!"

ಬೀದಿಯೇ ಅತ್ತ ಓಡಿತು. ನನ್ನಾಕೆಯೂ ಬಂದಳು, ಹಿಟ್ಟಿನ ಕೈಯಲ್ಲೇ. ಬಿಗಿಮುಷ್ಟಿ ಗಾಬರಿಯಾಗಿ ಗೇಟು ತೆಗೆದ. ಒಳಗೆ ಗೋಡೆಯುದ್ದಕ್ಕೂ ಹಳದಿ ಸೇವಂತಿಗೆ, ಎಲೆ ಕಾಣದ ಹಾಗೆ ಹೂ. ಎಲ್ಲರೂ ಬಾಯಿ ಕಳೆದು ನಿಂತರು. ಇಂಥ ಹೊತ್ತಿನಲ್ಲಿ ಯಾರಾದರೂ ಮುಂದಾಳತ್ವ ವಹಿಸಬೇಕಲ್ಲವೇ? ನಾನು ವಹಿಸಿದೆ.

"ಬಂಧುಗಳೇ, ನಮ್ಮ ಬೀದಿಯ ಹೂಗಳಿಗೆ ಯಾವುದೋ ಒಂದು ಶತ್ರು ಅಂಟಿಕೊಂಡಿದೆ. ಅದು ಇಲ್ಲಿಲ್ಲ. ಅದು ಯಾವುದು ಅಂತ ಈಗಲೇ ಕಂಡುಹಿಡಿದು, ನಿಮ್ಮೆಲ್ಲರ ಮುಂದೆ ಎಳೆದು ತಂದು ನಿಲ್ಲಿಸ್ತೀನಿ!"

ಚಪ್ಪಾಳೆ ತಟ್ಟಲು ಮಾಸ್ತರು ಕೈ ಎತ್ತಿದ್ದರು. ನಾನು ಬಿಗಿಮುಷ್ಟಿಯ ಕಡೆ ತಿರುಗಿದೆ.

"ಯಾವ ಗೊಬ್ಬರ ಹಾಕ್ತೀರಿ?"

"ಉದುರಿದ ಎಲೆ. ಅದಕ್ಕೆ ಕಾಸಿಲ್ಲ ನೋಡಿ."

"ನಾವೂ ಅದನ್ನ ಹಾಕಿ ನೋಡಿದೀವಿ. ಅಂದ್ರೆ ಗೊಬ್ಬರ ಅಲ್ಲ. ನೀರು?"

"ನಿಮ್ಮ ನಲ್ಲೀಲಿ ಬರೋ ನೀರೇ."

"ನೀರೂ ಅಲ್ಲ. ಸಸಿ ಎಲ್ಲಿಂದ ತಂದ್ರಿ?"

"ನಿಮ್ಮ ಮನೆಯವರು ಸವರಿ ಬಿಸಾಕಿದ ಕಡ್ಡಿಗಳನ್ನ ಆರಿಸ್ಕೊಂಡು ಬಂದು ನೆಟ್ಟಿದ್ದು."

"ಅಂದ್ರೆ ತಳಿಯೂ ಅದೇ!" ನಾನು ಸಭೆಯತ್ತ ತಿರುಗಿ ಬೆರಳೆತ್ತಿದೆ. "ನೋಡಿದ್ರಾ, ಬಲೆ ಹೇಗೆ ಬಿಗೀತಾ ಬಂತು! ಮಣ್ಣು ಅದೇ, ನೀರು ಅದೇ, ಗಿಡ ಅದೇ. ಹಗಲಲ್ಲಿ ಎಲ್ಲಾ ಒಂದೇ ಅಂದಮೇಲೆ, ರಹಸ್ಯ ರಾತ್ರೀಲಿದೆ! ಹೇಳಿ, ಹೊತ್ತು ಮುಳುಗಿದ ಮೇಲೆ ಈ ಗಿಡಗಳಿಗೆ ಏನು ಮಾಡ್ತೀರಿ?"

"ಏನೂ ಇಲ್ಲಪ್ಪ. ನಾನು ಮಲಗ್ತೀನಿ."

"ಗಿಡಗಳು?"

"ಅವೂ ಮಲಗ್ತವೆ. ಕತ್ತಲಲ್ಲಿ ಇನ್ನೇನು ಮಾಡ್ತವೆ?"

ನನ್ನ ಬೆರಳು ಇನ್ನೂ ಗಾಳಿಯಲ್ಲೇ ಇತ್ತು. ಅದನ್ನು ಎಲ್ಲಿ ಇಳಿಸಬೇಕೆಂದು ತಿಳಿಯಲಿಲ್ಲ. ಮಾಸ್ತರು ಎತ್ತಿದ್ದ ಕೈಗಳನ್ನು ನಿಧಾನವಾಗಿ ಸೊಂಟದ ಮೇಲಿಟ್ಟುಕೊಂಡರು. ಒಬ್ಬೊಬ್ಬರಾಗಿ ಎಲ್ಲರೂ ನನ್ನತ್ತ ತಿರುಗಿದರು.

ನನ್ನಾಕೆ ಮನೆಯತ್ತ ನಡೆದಳು. ನಾನು ಹಿಂದೆಯೇ ಓಡಿದೆ. ಅವಳು ನೇರವಾಗಿ ಮೂಲೆಯ ನೀರಿನ ಡ್ರಮ್ಮಿನ ಹಿಂದೆ ಬಗ್ಗಿದಳು. ಬಾಯಿ ಒಡೆದ ಸೇವಂತಿಗೆ ಕುಂಡವೊಂದನ್ನು ಅತ್ತೆ ಯಾವಾಗಲೋ ಅಲ್ಲಿಗೆ ತಳ್ಳಿದ್ದರು. ದೀಪದ ಬೆಳಕು ಡ್ರಮ್ಮನ್ನು ದಾಟಿ ಅಲ್ಲಿಗೆ ಬೀಳುವುದಿಲ್ಲ. ಆ ಸೊರಗಿದ ಗಿಡದ ಮೈತುಂಬ ಮೊಗ್ಗು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು, "ದೊಡ್ಡ ಮೇಡಂಗೆ ಏನು ಹೇಳ್ಲಿ?" ಎಂದಳು, ನನ್ನನ್ನಲ್ಲ, ಆ ಕುಂಡವನ್ನು ಕೇಳುವಂತೆ. ನಾನು ಹೋಗಿ ಎರಡೂ ದೀಪ ಕಳಚಿದೆ. ಆದರೆ ಮೂರು ದಿನದ ಕತ್ತಲೆಗೆ ಯಾವ ಮೊಗ್ಗು ಹುಟ್ಟಿ ಅರಳೀತು?

ಬೇರೆ ದಾರಿಯಿರಲಿಲ್ಲ. ತಿರುಗಿ ಬಿಗಿಮುಷ್ಟಿಯ ಗೇಟಿಗೇ ಹೋದೆ. ಕೈ ಮುಗಿದು ವಿಷಯ ಹೇಳಿದೆ. ಏನು ಬೆಲೆ ಹೇಳುತ್ತಾನೋ ಎಂದು ಜೀವ ಬಿಗಿಹಿಡಿದು ನಿಂತೆ. ಆತ ಗೇಟನ್ನು ಪೂರ್ತಿ ತೆರೆದ.

"ಎಲ್ಲಾ ಕುಂಡಾನೂ ತಗೊಂಡು ಹೋಗಿ. ದುಡ್ಡು ಬೇಡ. ಆದ್ರೆ ಆ ಸಭೇಲಿ ನನಗೂ ಒಂದು ಕುರ್ಚಿ ಹಾಕ್ಬೇಕು. ಈ ಬೀದೀಲಿ ನನ್ನನ್ನ ಯಾರೂ ಯಾವುದಕ್ಕೂ ಕರೆದಿಲ್ಲ."

ಅಷ್ಟು ದಿನ ಅವರನ್ನು ಏಕವಚನದಲ್ಲಿ ಹೇಳಿಕೊಂಡು ಬಂದಿದ್ದಕ್ಕೆ ನನಗೆ ಅಲ್ಲೇ ನಾಚಿಕೆಯಾಯಿತು. ಇನ್ನು ಮುಂದೆ ಬಹುವಚನ.

ಬೀಳ್ಕೊಡುಗೆಯ ದಿನ ಬಂತು. ಬೀದಿಯವರೆಲ್ಲ ದೀಪಗಳನ್ನು ಹಿಂತಿರುಗಿಸಿದ್ದರಿಂದ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೆ ಧೈರ್ಯಗೆಡುವ ಜಾತಿ ನನ್ನದಲ್ಲ. ವೇದಿಕೆಗೆ ಬೆಳಕಿನ ವ್ಯವಸ್ಥೆ ನನ್ನ ಕೊಡುಗೆ ಎಂದು ಮೊದಲೇ ಹೇಳಿಬಿಟ್ಟಿದ್ದೆ. ಅರಳಿದ ಹೂವಿಗೆ ದೀಪ ಏನೂ ಮಾಡಲಾರದು ತಾನೇ? ಅತ್ಯುತ್ತಮ ದೀಪಗಳನ್ನು ಹೂಗಳ ಮೇಲೆ ತಿರುಗಿಸಿ, ಸ್ವಿಚ್ಚಿನ ಪಕ್ಕ ಹೊಸ ಅಂಗಿ ಹಾಕಿಕೊಂಡು ಕೂತೆ. ಸಂಜೆಯ ಸಭಾಂಗಣ ಸೇವಂತಿಗೆಯ ಘಮದಲ್ಲಿ ತುಂಬಿಹೋಗಿತ್ತು. ನನ್ನಾಕೆಯ ಮುಖದಲ್ಲಿ ಬಹಳ ದಿನದ ಮೇಲೆ ನಗು ಕಂಡು, ಎಲ್ಲಾ ಮಾಫಿ ಆಯಿತು ಎಂದುಕೊಂಡೆ. ಅವಳು ಮೈಕಿನ ಮುಂದೆ ಬಂದಳು.

"ನನ್ನ ತೋಟದ್ದೇ ಹೂ ತರ್ತೀನಿ ಅಂತ ಮಾತು ಕೊಟ್ಟಿದ್ದೆ. ಆಗ್ಲಿಲ್ಲ. ಆದ್ರೆ ಹೂ ಬಂದಿವೆ. ಅದಕ್ಕೆ ಕಾರಣರಾದವರನ್ನ ಈಗ ವೇದಿಕೆಗೆ ಕರೀತೀನಿ."

ಓಡಾಡಿ ಹೂ ತಂದವನು ನಾನು. ಕಾಲರು ಸರಿಮಾಡಿಕೊಂಡು ಎದ್ದು, ವೇದಿಕೆಯ ಮೆಟ್ಟಿಲವರೆಗೂ ಹೋದೆ.

"ನಮ್ಮ ಬೀದಿ ಕೊನೇ ಮನೆಯ ಯಜಮಾನರು," ಎಂದಳು ನನ್ನಾಕೆ. "ಇಡೀ ಬೀದೀಲಿ ನಮ್ಮ ಮನೆಯವರ ಬೆಳಕು ಬೀಳದ ಜಾಗ ಅಂತ ಇದ್ದಿದ್ದು ಇವರ ತೋಟ ಒಂದೇ."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಅರ್ಧ ದಾರಿಗೆ ಬಂದವನು ಏನು ಮಾಡಲಿ? ಮುಂದಿನ ಸಾಲಿನಲ್ಲಿದ್ದ ಆ ಹಿರಿಯರ ಕೈ ಹಿಡಿದು, ಅದಕ್ಕಾಗಿಯೇ ಬಂದವನಂತೆ ಮೆಟ್ಟಿಲು ಹತ್ತಿಸಿ, ಸ್ವಸ್ಥಾನಕ್ಕೆ ಮರಳಿದೆ.

ದೊಡ್ಡ ಮೇಡಂ ಆ ಹಿರಿಯರ ಕೈ ಕುಲುಕಿ, ಮೈಕಿನ ಮುಂದೆ ಬಂದು, ಹೂಗಳತ್ತ ತಿರುಗಿದರು. ಆಮೇಲೆ ಹಣೆಗೆ ಕೈ ಅಡ್ಡ ಹಿಡಿದು ನನ್ನತ್ತ ನೋಡಿದರು.

"ದೀಪದವರೇ, ನಿಮ್ಮ ಬೆಳಕು ಕಣ್ಣಿಗೆ ಹೊಡೀತಿದೆ. ಹೂವೇ ಕಾಣ್ತಿಲ್ಲ. ಸ್ವಲ್ಪ ಆರಿಸ್ತೀರಾ?"

ಆರಿಸಿದೆ. ಕಿಟಕಿಗಳಿಂದ ಬರುತ್ತಿದ್ದ ಸಂಜೆಯ ಬೆಳಕಿನಲ್ಲಿ ಅಷ್ಟೂ ಸೇವಂತಿಗೆ ಮೆಲ್ಲಗೆ ಕಂಡಿತು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಈ ಹೂವಿನ ವ್ಯವಹಾರದಲ್ಲಿ ನನಗೆ ಬಿದ್ದ ಚಪ್ಪಾಳೆ ಅದೊಂದೇ.