ಬೀಸುಕಲ್ಲಿನ ಮುಂದೆ ಬಕಾಸುರ

ಈ ಉಗಾದಿಯೊಳಗೆ ಬಕಾಸುರನನ್ನು ಕೊಂದೇ ತೀರುತ್ತೇನೆಂದು ಆಳಂದದ ಕಚೇರಿಯಲ್ಲಿ ಎಲ್ಲರೆದುರು ಸಾರಿಬಿಟ್ಟೆ. ಕೊಲೆಯ ಮಾತಲ್ಲ, ಬಯಲಾಟದ ಮಾತು. ಮಣ್ಣೂರಿನ ಆಟದ ಮಂದಿಗೆ ಬರೆದುಕೊಡುತ್ತೇನೆಂದು ಒಪ್ಪಿ ಎರಡು ವರ್ಷವಾಗಿತ್ತು. ಬಕಾಸುರ ಗವಿಯಲ್ಲಿ ಹಸಿದು ಕುಳಿತೇ ಇದ್ದ. ಅನ್ನದ ಬಂಡಿ ಹೂಡಿದ ಭೀಮ ಇನ್ನೂ ಊರಬಾಗಿಲ ಅಗಸಿ ದಾಟಿರಲಿಲ್ಲ. ಉಗಾದಿಗೆ ಆಟ ಕೈಗೆ ಬರದಿದ್ದರೆ ಅಫಜಲಪುರದ ಬೇರೊಬ್ಬ ಕವಿಯನ್ನು ಹಿಡಿಯುತ್ತೇವೆಂದು ಆಟ ಕಲಿಸುವ ಪೀರಪ್ಪ ಹೇಳಿಕಳಿಸಿದ್ದ. ನನ್ನ ಮೀಸೆಯ ಮಾನದ ಪ್ರಶ್ನೆ!

ನನ್ನಂತೆಯೇ ಅರ್ಧಕ್ಕೆ ನಿಂತ ಇನ್ನಿಬ್ಬರು ಶೂರರನ್ನು ಕೂಡಿಸಿದೆ. ಐದು ವರ್ಷದಿಂದ ಮನೆಮದ್ದಿನ ಪುಸ್ತಕ ಬರೆಯುತ್ತಿದ್ದ ಗುಮಾಸ್ತ ಬುರಾನುದ್ದೀನ ಸಾಹೇಬರು ಒಬ್ಬರು. ಮಗ್ಗಿಯನ್ನು ಪದ್ಯ ಮಾಡಲು ಹೋಗಿ ಏಳರ ಮಗ್ಗಿಯಲ್ಲಿ ಸಿಕ್ಕಿಬಿದ್ದ ಸಾಲಿ ಮಾಸ್ತರ ರೇವಣಪ್ಪ ಇನ್ನೊಬ್ಬ. ಕರಾರು ಇಷ್ಟೇ: ಪ್ರತಿ ಶುಕ್ರವಾರ ಹೊಸದಾಗಿ ಬರೆದ ಐದು ಪುಟ ಓದಬೇಕು, ತಪ್ಪಿದವನು ತನ್ನ ಮನೆಯ ವಾರದ ಜೋಳ ಬೀಸಬೇಕು. ಮಹಾಯುದ್ಧದ ದೆಸೆಯಿಂದ ಎಂಜಿನ್ನಿಗೆ ಎಣ್ಣೆ ಸಿಗದೆ ಊರ ಹಿಟ್ಟಿನ ಗಿರಣಿ ನಿಂತಿತ್ತು. ಬೀಸುಕಲ್ಲಿನ ಅವಮಾನಕ್ಕೆ ಅಂಜಿ ಬರೆಯುವ ಟಾಕು ಕುದುರೆಯಂತೆ ಓಡೀತು ಎಂಬುದು ನನ್ನ ಚಾಣಾಕ್ಷತನ.

ಒಂದೇ ತಪ್ಪಾಯಿತು. ಕರಾರನ್ನು ಹೆಂಡಿರ ಮುಂದೆ ಓದಿದೆವು.

ಮರುದಿನದಿಂದ ನನ್ನ ಮಲ್ಕಮ್ಮನಿಗೆ ನನ್ನ ಮೇಲೆ ಎಲ್ಲಿಲ್ಲದ ಪ್ರೀತಿ.

"ಕಣ್ಣು ಕೆಂಪಗಾಗ್ಯಾವ್ರಿ. ಮಕ್ಕೋರಿ."

"ಬರೀಬೇಕಬೇ."

"ನಾಳೆ ಬರದ್ರ ಭೀಮ ಎಲ್ಲಿ ಓಡಿಹೋಗ್ತಾನ? ಹುಗ್ಗಿ ಮಾಡೀನಿ, ಉಣ್ರಿ."

ಹುಗ್ಗಿ ಉಂಡವನು ಬರೆದದ್ದುಂಟೆ? ಮಂಗಳವಾರ ಶಾಯಿಯ ದೌತಿ ಮಗುಚಿತು. ಬುಧವಾರ ಟಾಕು ಮಾಯವಾಗಿ ತೊಗರಿಯ ಚೀಲದಲ್ಲಿ ಸಿಕ್ಕಿತು. ಸಾಹೇಬರ ಮನೆಯಾಕೆ ಖಾಸೀಂಬಿಯವರು ಮನೆಮದ್ದಿನ ಹಾಳೆಗಳಲ್ಲಿ ಖಾರದಪುಡಿ ಕಟ್ಟಿಟ್ಟಿದ್ದರಂತೆ. ಶುಕ್ರವಾರ ಮೂವರೂ ಬರಿಗೈ!

ಮಲ್ಕಮ್ಮ ಮೊರದ ತುಂಬ ಜೋಳ ತಂದಿಟ್ಟು ನನ್ನನ್ನು ಕಲ್ಲಿನ ಮುಂದೆ ಕೂರಿಸಿದಳು. ಅರ್ಧ ಸೇರಿಗೇ ರಟ್ಟೆ ಬಿದ್ದುಹೋಯಿತು.

"ಮೂಗನಂಗ ಬೀಸಿದ್ರ ಹಂಗೇ ಆಕ್ತದ. ಪದ ಹೇಳ್ಕೋತ ಬೀಸ್ರಿ."

"ಯಾವ ಪದ?"

"ನಿಮ್ಮ ಬಕಾಸುರಂದೇ ಹೇಳ್ರಿ."

ಹೇಳಿದೆ. ಕಲ್ಲು ತಿರುಗಿತು, ಅದರೊಡನೆ ಭೀಮನ ಬಂಡಿಯ ಗಾಲಿಯೂ ತಿರುಗಿತು! ಮಲ್ಕಮ್ಮ ಎದುರಿಗೆ ಕುಳಿತು ಗೂಟಕ್ಕೆ ಕೈ ಕೂಡಿಸಿದಳು. ನಾನು ತಡವರಿಸಿದಲ್ಲಿ ಸಾಲು ಎತ್ತಿಕೊಟ್ಟಳು. ನಾನು ಎದ್ದು ಬರೆಯುವುದು, ಮತ್ತೆ ಕುಳಿತು ಬೀಸುವುದು. ಮುಂದೆ ದೌತಿ ಮಗುಚಲಿಲ್ಲ. ಆಕೆಗೆ ಮುಂದಿನ ಕತೆ ಬೇಕಾಗಿತ್ತು. ಸುದ್ದಿ ಕೇಳಿ ರೇವಣಪ್ಪನೂ ಬೀಸಿದ, ಏಳರ ಮಗ್ಗಿ ದಾಟಿದ. ಉಗಾದಿಗೆ ಎಂಟು ದಿನವಿರುವಾಗ ನನ್ನ ಬಕಾಸುರ ಬೆನ್ನು ಮುರಿದು ಬಿದ್ದ!

ಆಟ ಒಯ್ಯಲು ಪೀರಪ್ಪ ಬಂದ. ಗೆಳೆಯರಿಬ್ಬರನ್ನು ಎಡಬಲಕ್ಕೆ ಕೂರಿಸಿಕೊಂಡು ಜಯಭೇರಿ ಹೊಡೆದಂತೆ ಓದಿದೆ. ಬಕಾಸುರನ ಪದ ಬಂತು:

ಊರು ತಿಂದರೂ ಹಸಿವು, ಕೇರಿ ತಿಂದರೂ ಹಸಿವು,
ಉಂಡ್ಯೇನ ಮಗನೆ ಅಂಬಾಕಿ ಒಬ್ಬಾಕಿ ಇಲ್ಲದ ಹಸಿವು.

ಪೀರಪ್ಪ ಆ ಎರಡು ಸಾಲನ್ನು ಮತ್ತೊಮ್ಮೆ ಓದಿಸಿಕೊಂಡ. "ರಾಕ್ಷಸನ ಮ್ಯಾಲೂ ಮರುಕ ಬರೂ ಹಂಗ ಬರ್ದೀರಿ. ಈ ಒಂದು ಪದ ಸಾಕು, ಆಟ ಗೆದ್ದಂಗ. ಹ್ಯಾಂಗ ಹೊಳೀತ್ರಿ ಇದು?"

ನಾನು ಮೀಸೆ ತಿರುವಿದೆ. "ತಪಸ್ಸು ಬೇಕಾಕ್ತದ, ಪೀರಪ್ಪ."

ಒಳಗಿನಿಂದ ಮಲ್ಕಮ್ಮನ ದನಿ ಬಂತು. "ಪೀರಪ್ಪಣ್ಣ, ಆ ತಪಸ್ಸಿನ ಹಿಟ್ಟಿಂದ ಒಂದು ರೊಟ್ಟಿ ನೆಟ್ಟಗ ಬಡ್ಯಾಕ ಬರಲಿಲ್ಲ. ಪದ ನಂದ್ರಿ. ನನ್ನ ಹೆಸರು ಅವರೇ ಬರೀತಾರೋ, ನಾನೇ ಹೊರಗ ಬರ್ಲೋ, ಕೇಳ್ರಿ."

ಕೊನೆಯ ಹಾಳೆಯಲ್ಲಿ ನನ್ನ ಹೆಸರಿನ ಮೇಲೆ ಒಂದು ಸಾಲಿನ ಜಾಗ ಖಾಲಿ ಇತ್ತು. ಪೀರಪ್ಪ ಅಲ್ಲಿಗೇ ಬೆರಳಿಟ್ಟು, ದೌತಿಯನ್ನು ನನ್ನತ್ತ ಸರಿಸಿದ.