ಡೆಫಿನೆಟ್ಲಿ ಅಂದ್ರೆ ಕೇಸರಿಬಾತ್ ಮಾಡ್ಬೇಡಿ

ನಮ್ಮ ಕಡೆ ಯಾರೂ ಯಾವ ಮಾತನ್ನೂ ಖಂಡಿತ ಅಂತ ಗಟ್ಟಿಯಾಗಿ ಆಡಲ್ಲ. "ನಾಳೆ ಬರ್ತೀಯನಾ?" ಅಂದ್ರೆ "ನೋಡಣ" ಅಂತಾರೆ. ಹಂಗೆ ಅಂದವನೇ ಎಲ್ಲರಿಗಿಂತ ಮುಂಚೆ ಬಂದು ಕೂತಿರ್ತಾನೆ. "ಕಾಫಿ ಕುಡೀತ್ರಾ?" ಅಂದ್ರೆ "ಈಗ ಆತು" ಅಂತಾನೇ ಲೋಟಕ್ಕೆ ಕೈ ಚಾಚ್ತಾರೆ. ಮನೆಗೆ ಬೆಂಕಿ ಬಿದ್ರೂ "ಎಂತದೋ ಹೊಗೆ ಬಂದಂಗೆ ಕಾಣ್ತದೆ" ಅನ್ನೋ ಜನ. ಇಂಥವರು ಇಂಗ್ಲಿಷಲ್ಲಿ ಬರೆಸೋಕೆ ನನ್ನ ಹತ್ರ ಬಂದ್ರೆ ಎಡವಟ್ಟು ಆಗ್ದೆ ಇನ್ನೇನಾಗುತ್ತೆ? ಆಗ್ತಾನೇ ಇರುತ್ತೆ.

ನಾನು ಕೆಲಸ ಮಾಡೋ ಅಂಗಡಿ ಸಾಗರದ ಬಸ್ ಸ್ಟ್ಯಾಂಡ್ ಹತ್ರ. ಜೆರಾಕ್ಸ್, ಟೈಪಿಂಗ್, ಫ್ಲೆಕ್ಸ್. ನಾನು ಡಿಗ್ರಿ ಎರಡನೇ ವರ್ಷದಲ್ಲಿ ಕಾಲೇಜು ಬಿಟ್ಟೆ. ಕಾಲೇಜಿನವರು ಇನ್ನೂ ಗಮನಿಸಿದಂಗಿಲ್ಲ. ಯಜಮಾನರಿಗೆ ಇಂಗ್ಲಿಷಿನ ಅಕ್ಷರ ಬರುತ್ತೆ, ಅರ್ಥ ನನ್ನ ಪಾಲು. ನನ್ನ ಇಂಗ್ಲಿಷಿನ ಗುಟ್ಟೂ ಹೇಳಿಬಿಡ್ತೀನಿ. ವಾಕ್ಯ ಎಲ್ಲಿ ಸಪ್ಪೆ ಅನ್ಸುತ್ತೋ ಅಲ್ಲಿ ಒಂದು ಸ್ಟ್ರಿಕ್ಟ್ಲಿ, ಒಂದು ಡೆಫಿನೆಟ್ಲಿ, ಒಂದು ಸರ್ಟನ್ಲಿ ಉದುರಿಸೋದು, ಮಂಡಕ್ಕಿಗೆ ಖಾರ ಉದುರಿಸಿದಂಗೆ. ಗಿರಾಕಿಗೂ ಕಾಸಿಗೆ ತಕ್ಕ ಕಜ್ಜಾಯ ಸಿಕ್ತು ಅನ್ಸುತ್ತೆ.

ಆಂಟಿ ನೋಡ್ತಿದಾರೆ, ನಗು

ಹೊಸನಗರದ ಕಡೆ ಹೋಂಸ್ಟೇ ಇಟ್ಟಿರೋ ಅಕ್ಕ ಒಬ್ರು ಬೋರ್ಡ್ ಮಾಡಿಸೋಕೆ ಬಂದ್ರು.

"ರಾತ್ರಿ ಗಲಾಟೆ ಬ್ಯಾಡ, ಹಂಡೆ ನೀರು ಸುಮ್ನೆ ಚೆಲ್ಬ್ಯಾಡಿ, ಖುಷಿಯಾಗಿರಿ ಅಂತ ಬರಿ ತಮಾ. ಒಂಚೂರು ನಯವಾಗಿ."

ನಯವಾಗಿ ಬರೆಯೋ ಪಾಠ ಬರೋ ಹೊತ್ತಿಗೆ ನಾನು ಕಾಲೇಜು ಬಿಟ್ಟಾಗಿತ್ತು. ಪ್ರತಿ ಸಾಲಿಗೂ ಒಂದೊಂದು ಸ್ಟ್ರಿಕ್ಟ್ಲಿ ಜಡಿದೆ. ಕೊನೇ ಸಾಲಂತೂ ಕೆಂಪಕ್ಷರದಲ್ಲಿ, ಬಂದವರು ಸ್ಟ್ರಿಕ್ಟ್ಲಿ ಎಂಜಾಯ್ ಮಾಡತಕ್ಕದ್ದು ಅಂತ.

ಸ್ವಲ್ಪ ದಿನ ಬಿಟ್ಟು ಅಕ್ಕನ ಫೋನ್ ಬಂತು.

"ಅಲ್ಲ ತಮಾ, ಅದೆಂತ ಬರ್ದಿದೀಯ? ಬಂದವ್ರು ಜಗುಲೀಲಿ ಸಾಲಾಗಿ ಕೂತು ಸುಮ್ನೆ ನಗ್ತಾರೆ. ಕಡುಬು ಬಡಿಸಿದ್ರೆ ಎದ್ದು ನಿಲ್ತಾರೆ. ನಿನ್ನೆ ಒಂದು ಮಗು ಮುಖ ಗಂಟು ಹಾಕ್ಕಂಡಿತ್ತು. ಅದರಮ್ಮ, 'ಆಂಟಿ ನೋಡ್ತಿದಾರೆ, ನಗು' ಅಂತ ಚಿವುಟಿದ್ಳು ಮಾರಾಯ."

"ತಪ್ಪಾತು ಅಕ್ಕಾ. ಬೇರೆ ಬೋರ್ಡ್ ಮಾಡ್ಕೊಡ್ತೀನಿ."



"ಬ್ಯಾಡ ಬಿಡು. ಈಗ ಹಾಸಿಗೆನೂ ಅವ್ರೇ ಮಡಚ್ತಾರೆ."

ಟೈಮಿಗೆ ಸರಿಯಾಗಿ ಬರೋ ಜ್ವರ

ಬೈಕ್ ಶೋರೂಮಲ್ಲಿ ಕೆಲಸ ಮಾಡೋ ಹುಡುಗ ಒಬ್ಬ ಇದ್ದ. ಆನಂದಪುರದಲ್ಲಿ ವಾಲಿಬಾಲ್ ಟೂರ್ನಮೆಂಟ್, ಇವನು ಟೀಮಲ್ಲಿ. ರಜಾ ಬೇಕು, ಅರ್ಜಿ ಇಂಗ್ಲಿಷಲ್ಲೇ ಆಗ್ಬೇಕು.

"ಜ್ವರ ಬರೋ ಹಂಗಿದೆ ಅಂತ ಬರಿಯೋ" ಅಂದ.

"ಬರೋ ಹಂಗಿದೆ ಅಂದ್ರೆ ಯಾರೋ ಕೊಡ್ತಾರೆ ರಜಾ? ಜ್ವರಕ್ಕೊಂದು ಗತ್ತು ಬೇಡ್ವಾ?"

ಶನಿವಾರ ಮಧ್ಯಾಹ್ನ ನನಗೆ ಡೆಫಿನೆಟ್ಲಿ ಜ್ವರ ಬರುತ್ತೆ, ಸೋಮವಾರ ಬೆಳಿಗ್ಗೆ ಸರ್ಟನ್ಲಿ ಬಿಡುತ್ತೆ ಅಂತ ಬರ್ದುಕೊಟ್ಟೆ. ಅವನು ಓದದೇ ಕೊಟ್ಟು ಬಂದ.

ಮಾರನೇ ದಿನ ಆ ಶೋರೂಮಿನ ಮ್ಯಾನೇಜರ್ರೇ ಆ ಅರ್ಜಿ ಹಿಡ್ಕಂಡು ನಮ್ಮಂಗಡಿ ಮೆಟ್ಲು ಹತ್ತಿದ್ರು. ನಾನು ಮೆಲ್ಲಗೆ ಜೆರಾಕ್ಸ್ ಮೆಷಿನ್ ಹಿಂದೆ ಸರಿದೆ.

"ಇದು ಬರ್ದಿದ್ದು ನೀನಾ?"

"ಟೈಪ್ ಮಾಡಿದ್ದು ಅಷ್ಟೇ ಸರ್."

"ನಮ್ಮೂರ ಬಸ್ಸಿಗಿಂತ ಕರೆಕ್ಟಾಗಿ ಬರುತ್ತಲ್ಲೋ ಇವನ ಜ್ವರ." ಆಮೇಲೆ ಆಚೀಚೆ ನೋಡಿ ದನಿ ಇಳಿಸಿದ್ರು. "ಮ್ಯಾಚ್ ನಾನೂ ನೋಡ್ಬೇಕು. ನಮ್ಮ ಓನರ್‌ಗೆ ಕೊಡೋಕೆ ನಂಗೊಂದು ಬರಿ. ಜ್ವರ ಬ್ಯಾಡ, ಹೊಟ್ಟೆನೋವು ಹಾಕು."

ತೀರ್ಥಹಳ್ಳಿ ಹೆಣ್ಣು

ಇಷ್ಟಾದ್ರೂ ಯಜಮಾನರು ನನ್ನ ಓಡಿಸಿರ್ಲಿಲ್ಲ. ಅವ್ರ ತಲೆಬಿಸಿ ಬೇರೇನೇ ಇತ್ತು. ವಯಸ್ಸು ನಲವತ್ತರ ಹತ್ರ ಬಂದಿದೆ, ಹೆಣ್ಣು ಸಿಕ್ಕಿಲ್ಲ. ಎಷ್ಟು ಕಡೆ ಉಪ್ಪಿಟ್ಟು ತಿಂದಿದಾರೋ ಲೆಕ್ಕ ಇಲ್ಲ. ಕೊನೆಗೆ ಬ್ರೋಕರ್ ತೀರ್ಥಹಳ್ಳೀಲಿ ಒಂದು ಸಂಬಂಧ ತಂದ. ಹುಡುಗಿ ಕಾಲೇಜಲ್ಲಿ ಇಂಗ್ಲಿಷ್ ಲೆಕ್ಚರರ್. ಹುಡುಗ ದಿನವಿಡೀ ಇಂಗ್ಲಿಷಲ್ಲೇ ವ್ಯವಹಾರ ಮಾಡೋದು ಅಂತ ಬ್ರೋಕರ್ ಅಲ್ಲಿ ಬುರುಡೆ ಬಿಟ್ಟು ಬಂದಿದ್ದ.

ಹುಡುಗಿ ಭಾನುವಾರ ಬರ್ತೀರಾ ಅಂತ ಇಂಗ್ಲಿಷಲ್ಲಿ ವಾಟ್ಸಾಪ್ ಮಾಡಿದ್ರು. ಯಜಮಾನರು ಫೋನ್ ತಂದು ನನ್ನ ಕೈಗಿಟ್ರು.

"ಇದೂ ತಪ್ಪಿದ್ರೆ ನಂಗೆ ಇನ್ನು ಹೆಣ್ಣಿಲ್ಲ, ನಿಂಗೆ ಇನ್ನು ಕೆಲಸ ಇಲ್ಲ. ತಿಳೀತಾ?"

"ಎಂತ ಬರೀಲಿ ಅಣ್ಣಾ?"

"ನೋಡಣ ಅಂತ ಬರಿ."

ಮದುವೆ ವಿಷಯಕ್ಕೆ ನೋಡಣ ಅಂತಾರಾ? ಬರ್ದೆ ನಾನು. ನಾವು ಡೆಫಿನೆಟ್ಲಿ, ಸರ್ಟನ್ಲಿ, ಅನ್‌ಡೌಟೆಡ್ಲಿ ಬರ್ತೀವಿ.

ಭಾನುವಾರ ಟೆಂಪೋ ತುಂಬ ಜನ ಹೋದ್ವಿ. ಇಂಗ್ಲಿಷಿಗೆ ಅಂತ ನನ್ನೂ ಕರ್ಕಂಡಿದ್ರು. ಹೋಗಿ ನೋಡಿದ್ರೆ ಹುಡುಗಿ ಅಪ್ಪ ಮೈಗೆಲ್ಲ ಎಣ್ಣೆ ಹಚ್ಕಂಡು ಟವೆಲಲ್ಲಿ ಅಂಗಳದಲ್ಲಿ ಕೂತಿದಾರೆ. ಹುಡುಗಿ ತಲೆಗೆ ಬಟ್ಟೆ ಕಟ್ಕಂಡು ಜೇಡನ ಬಲೆ ತೆಗೀತಿದಾರೆ. ನಮ್ಮನ್ನ ನೋಡಿದ್ದೇ ಅಪ್ಪ ಬಚ್ಚಲಿಗೆ ಓಡಿದ್ರು. ಜಾರಿದ್ರೂ ನಿಲ್ಲಲಿಲ್ಲ.

"ಬರ್ತೀವಿ ಅಂತ ಹೇಳಿದ್ವಲ್ಲ ಮಗಾ?" ಅಂದ್ರು ಯಜಮಾನರ ಅಮ್ಮ.

"ಹೇಳಿದ್ರಿ. ಒಂದಲ್ಲ, ಮೂರು ಸಲ ಹೇಳಿದ್ರಿ" ಅಂದ್ರು ಹುಡುಗಿ. "ಬರೋರು ಯಾರಾದ್ರೂ ಅಷ್ಟು ಗಟ್ಟಿಯಾಗಿ ಹೇಳ್ತಾರಾ? ಹಿಂದೊಬ್ರು ಒಂದೇ ಒಂದು ಡೆಫಿನೆಟ್ಲಿ ಹಾಕಿದ್ರು, ಬರ್ಲೇ ಇಲ್ಲ. ಮಾಡಿದ್ದ ಕೇಸರಿಬಾತ್ ಅಷ್ಟೂ ನಾವೇ ತಿಂದ್ವಿ." ಆಮೇಲೆ ಯಜಮಾನರ ಕಡೆ ತಿರುಗಿದ್ರು. "ಅದು ನೀವೇ ಬರ್ದಿದ್ದಾ?"

ಯಜಮಾನರು ನನ್ನ ನೋಡಿದ್ರು. ನಾನು ಮಾಡಿನ ಹೆಂಚು ನೋಡ್ದೆ.

"ಇಲ್ಲ, ಇವ್ನು. ನೋಡಣ ಅಂತ ಬರಿ ಅಂದಿದ್ದೆ ನಾನು."

"ಹಂಗೇ ಬರೆಸಿದ್ರೆ ಕೇಸರಿಬಾತ್ ಆಗಿರ್ತಿತ್ತು" ಅಂತ ಹುಡುಗಿ ನಕ್ಕೇಬಿಟ್ರು.

ಹೊರಡುವಾಗ ಸ್ನಾನ ಮುಗಿಸಿ ಬಂದ ಅಪ್ಪ ಯಜಮಾನರನ್ನ ಕೇಳಿದ್ರು, "ಹುಡುಗಿ ಒಪ್ಗೆನಾ?"

"ನೋಡಣ."

"ನಿಂಗೋ?" ಅಂತ ಮಗಳನ್ನ ಕೇಳಿದ್ರು.

"ನೋಡಣ."

ಅಷ್ಟು ಸಾಕಾಯ್ತು. ಇಬ್ರು ಅಮ್ಮಂದಿರೂ ಅಲ್ಲೇ ಮೆಟ್ಲ ಮೇಲೆ ಕೂತು ಛತ್ರದ ಮಾತು ಶುರು ಮಾಡಿದ್ರು.

ಪ್ರಾಬಬ್ಲಿ ಊಟ

ಹುಡುಗಿ ಕಾಲೇಜಿನವರಿಗೆ ಅಂತ ಇಂಗ್ಲಿಷ್ ಕಾರ್ಡೂ ಬೇಕಾಯ್ತು. ಅದನ್ನ ಚಂದ ಮಾಡಿಸಿ ಹುಡುಗಿಗೆ ಸರ್ಪ್ರೈಸ್ ಕೊಡ್ಬೇಕು ಅಂತ ಯಜಮಾನರ ಆಸೆ.

"ನೋಡು, ಒಂದೇ ಒಂದು ಡೆಫಿನೆಟ್ಲಿ ಕಂಡ್ರೂ ನೀನು ಮನೆಗೆ. ಕಾರ್ಡ್ ನೋಡಿ ಜನ ಬರ್ದೇ ಹೋದ್ರೆ ನಾನು ಅವ್ಳಿಗೆ ಎಂತ ಮುಖ ತೋರಿಸ್ಲಿ? ಗಟ್ಟಿ ಮಾತು ಯಾವುದೂ ಬ್ಯಾಡ."

ಕೆಲಸದ ಪ್ರಶ್ನೆ. ಹುಷಾರಾಗಿ, ನಮ್ಮ ಕಡೆಯವ್ರು ಮಾತಾಡೋ ಹಂಗೇ ಬರ್ದೆ. ದೇವರ ದಯೆಯಿಂದ ಇವರಿಬ್ರ ಮದುವೆ ಮೋಸ್ಟ್ಲಿ ಈ ಭಾನುವಾರ. ಪುರುಸೊತ್ತಾದ್ರೆ ಬನ್ನಿ. ಪ್ರಾಬಬ್ಲಿ ಊಟ ಇರುತ್ತೆ. ಯಜಮಾನರು ಬೆರಳಿಟ್ಟು ಒಂದೊಂದೇ ಅಕ್ಷರ ಹುಡುಕಿ, ಡೆಫಿನೆಟ್ಲಿ ಇಲ್ಲ ಅಂತ ಖಾತ್ರಿ ಮಾಡ್ಕಂಡು ಪ್ರಿಂಟಿಗೆ ಬಿಟ್ರು. ಕನ್ನಡದ ಕಾರ್ಡಿಗಿಂತ ಇದೇ ಚಂದ ಇದೆ ಅಂತ ಸಾಗರ, ಹೊಸನಗರ, ತೀರ್ಥಹಳ್ಳಿ ಪೂರ್ತಿ ಇದನ್ನೇ ಹಂಚಿದ್ರು.

ಮದುವೆ ದಿನ ಛತ್ರದಲ್ಲಿ ಕಾಲಿಡೋಕೆ ಜಾಗ ಇಲ್ಲ. ಹೋಂಸ್ಟೇ ಅಕ್ಕ ತಮ್ಮ ಗೆಸ್ಟುಗಳನ್ನೂ ಕರ್ಕಂಡು ಬಂದಿದ್ರು, ಅವರು ಸಾಲಾಗಿ ಕೂತು ನಗ್ತಿದ್ರು. ಮ್ಯಾನೇಜರ್ರೂ ವಾಲಿಬಾಲ್ ಹುಡುಗನೂ ಎರಡು ಬೇರೆ ಬೇರೆ ಕಾಯಿಲೆ ಹೇಳಿ ರಜಾ ಹಾಕಿ ಬಂದಿದ್ರು. ಎಷ್ಟು ಪಂಕ್ತಿ ಕೂತ್ರೂ ಜನ ಮುಗೀದೇ, ಕೊನೆಗೆ ಅಡುಗೆಯವ್ರೇ ಸೌಟು ಹಿಡ್ಕಂಡು ಸ್ಟೇಜ್ ಹತ್ರ ಬಂದು ನಿಂತ್ರು.

ಅಷ್ಟೊತ್ತಿಗೆ ಅಜ್ಜ ಒಬ್ರು ಅಕ್ಷತೆ ಹಾಕೋಕೆ ಸ್ಟೇಜ್ ಹತ್ತಿದ್ರು. ಯಜಮಾನರು ಕೈಮುಗಿದು, "ಯಾರು ಅಂತ ಗೊತ್ತಾಗ್ಲಿಲ್ಲ" ಅಂದ್ರು.

"ಗೊತ್ತಾಗಲ್ಲ ಬಿಡು. ಎರಡೂ ಕಡೆಯವ್ನಲ್ಲ ನಾನು. ಬಸ್ಸಲ್ಲಿ ಪಕ್ಕದವ್ರ ಕೈಲಿದ್ದ ಕಾರ್ಡ್ ಓದ್ದೆ. ಊಟ ಪ್ರಾಬಬ್ಲಿ ಅಂತ ಇತ್ತು. ಇದ್ಯೋ ಇಲ್ವೋ ನೋಡ್ಕಂಡು ಹೋಗಣ ಅಂತ ಬಂದೆ. ಇವ್ರೂ ಅಷ್ಟೇ" ಅಂತ ಹಿಂದಿದ್ದ ಸಾಲನ್ನ ತೋರಿಸಿದ್ರು.

ಯಜಮಾನರ ಕಣ್ಣು ನನ್ನ ಹುಡುಕ್ತು. ನಾನೇ ಹತ್ರ ಹೋದೆ.

"ಅಣ್ಣಾ, ಸೋಮವಾರ ಕೆಲಸಕ್ಕೆ ಬರ್ಲಾ?"

ಅವ್ರು ಹಲ್ಲು ಕಚ್ಕಂಡು, ಜೀವಮಾನದಲ್ಲಿ ಮೊದಲನೇ ಸಲ ಸ್ವಂತ ಇಂಗ್ಲಿಷ್ ಆಡಿದ್ರು.

"ಡೆಫಿನೆಟ್ಲಿ ಬಾ."

ಡೆಫಿನೆಟ್ಲಿ ಅಂದ್ಮೇಲೆ ಮುಗೀತು ನನ್ನ ಕಥೆ.

ಹೊಸ ಅತ್ತಿಗೆ ಬಾಸಿಂಗದ ಮರೆಯಿಂದ ಗಂಡನ ಕಡೆ ಬಾಗಿದ್ರು. "ಪಾಪ, ನೋಡಣ ಅನ್ನಿ."

ಯಜಮಾನರು ಹೆಂಡತಿ ಮುಖ ನೋಡಿದ್ರು, ನನ್ನ ಮುಖ ನೋಡಿದ್ರು.

"ನೋಡಣ" ಅಂದ್ರು.

ಅಬ್ಬ, ಕೆಲಸ ಉಳೀತು. ನಿಶ್ಚಿಂತೆಯಾಗಿ ಊಟಕ್ಕೆ ಹೋದೆ. ಊಟ ಖಾಲಿಯಾಗಿತ್ತು.