ಸಸ್ಯಾಹಾರಿ ಬೆಕ್ಕಿನ ಬೋರ್ಡು

ನಾನು ಶಾಲೆ ಬಿಟ್ಟದ್ದು ೧೯೭೬ರಲ್ಲಿ, ಏಳನೇ ಕ್ಲಾಸಿಗೆ. ಅಂದು ಒಲೆಯ ಮುಂದೆ ನಿಂತವ ಇನ್ನೂ ಕೂತಿಲ್ಲ. ತಟ್ಟೆ ತೊಳೆದೆ, ಹಿಟ್ಟು ರುಬ್ಬಿದೆ, ಕಡೆಗೆ ತಮಿಳು ಸೀಮೆಯ ತ್ರಿಪ್ಲಿಕೇನಿನಲ್ಲಿ ಸ್ವಂತ ಮೆಸ್ ಹಾಕಿದೆ. ನನ್ನ ಮೊಸರನ್ನವನ್ನು ಎಲೆಯಲ್ಲಿ ಬಿಟ್ಟು ಎದ್ದ ಮನುಷ್ಯನಿರಲಿಲ್ಲ. ಹಾಗಿರುವಾಗ ಒಂದು ಬೆಕ್ಕು ಯಾವ ಲೆಕ್ಕ!

೨೦೦೧ರಲ್ಲಿ ಉಗ್ರಾಣದ ಅಕ್ಕಿ ಮೂಟೆಗೆ ಇಲಿ ಕಾಟ ಶುರುವಾಯಿತು. ಬೆಕ್ಕು ತಂದೆ. ಸ್ವಾಗತಕ್ಕೆ ಮೊಸರನ್ನ, ಇಂಗು ಸಾಸಿವೆಯ ಒಗ್ಗರಣೆ ಸಮೇತ. ಬೆಕ್ಕು ಮೂಸಿತು. ಆಮೇಲೆ ತಟ್ಟೆಯ ಸುತ್ತ ನೆಲವನ್ನು ಪರಪರ ಕೆರೆಯಿತು. ಬೆಕ್ಕು ಏನನ್ನು ಮುಚ್ಚಲು ಹಾಗೆ ಕೆರೆಯುತ್ತದೆಂದು ನಿಮಗೆ ಗೊತ್ತು. ನನ್ನ ಮೊಸರನ್ನಕ್ಕೆ ಆ ಮರ್ಯಾದೆ!

“ಇದನ್ನು ಶುದ್ಧ ಸಸ್ಯಾಹಾರಿ ಮಾಡದಿದ್ದರೆ ನಾನು ಅಡಿಗೆಯವನೇ ಅಲ್ಲ!” ಎಂದು ಘೋಷಿಸಿದೆ.

ಹೆಂಡತಿ ಸುಮತಿ ಬೀನ್ಸ್ ಮುರಿಯುವುದನ್ನು ನಿಲ್ಲಿಸಿದಳು. “ಇಲಿ ಹಿಡೀಲಿಕ್ಕಲ್ವಾ ಅದನ್ನು ತಂದದ್ದು? ಇಲಿ ಎಂತ, ಬದನೆಕಾಯಿಯಾ?”

“ಅದು ಡ್ಯೂಟಿ ಮಾರಾಯ್ತಿ. ನಾನು ಹೇಳುವುದು ಊಟದ ವಿಷಯ.”

ಇಂಗು ಬಿಟ್ಟೆ. ಕೆರೆಯಿತು. ತುಪ್ಪ ಹಾಕಿದೆ. ಕೆರೆಯಿತು. ಎಂಟನೇ ದಿನ ರೋಸಿಹೋಗಿ, ತಟ್ಟೆಯನ್ನೂ ಬೆಕ್ಕನ್ನೂ ಉಗ್ರಾಣದಲ್ಲೇ ಬಿಟ್ಟು ಬಾಗಿಲೆಳೆದುಕೊಂಡೆ. ಮಧ್ಯಾಹ್ನದ ಗಲಾಟೆ ಮುಗಿಸಿ ಬಂದರೆ ತಟ್ಟೆ ತೊಳೆದ ಹಾಗೆ ಖಾಲಿ! ಬೆಕ್ಕು ಮೀಸೆ ನೆಕ್ಕುತ್ತಿತ್ತು.

ದಿನಾ ಹಾಗೇ ಆಯಿತು. ಬೆಕ್ಕು ದಪ್ಪಗಾಯಿತು, ನಾನು ಉಬ್ಬಿದೆ. ಊಟದ ಹಾಲ್‌ನಲ್ಲಿ ಬೋರ್ಡು ಹಾಕಿಸಿದೆ, ತಮಿಳಿನಲ್ಲೂ ಕನ್ನಡದಲ್ಲೂ: “ಇಲ್ಲಿಯ ಬೆಕ್ಕೂ ಶುದ್ಧ ಸಸ್ಯಾಹಾರಿ.”

ಪಕ್ಕದ ಲಾಡ್ಜಿನ ರಾಯರು ಮೈಸೂರಿನವರು, ಹನ್ನೊಂದು ವರ್ಷದಿಂದ ನಮ್ಮಲ್ಲೇ ಊಟ. ಅವರ ಮಾತು ಕೇಳಿಯೇ ಅರ್ಧ ಗಿರಾಕಿ ಬರುತ್ತಿದ್ದದ್ದು. “ಭೇಷ್ ಭಟ್ರೇ! ಬೆಕ್ಕಿಗೇ ಮಡಿ ಕಲಿಸಿಬಿಟ್ರಲ್ರೀ!” ಎಂದರು.

ಒಂದೇ ಕೊರತೆ. ಇಲಿ ಕಮ್ಮಿಯಾಗಲಿಲ್ಲ, ಹೆಚ್ಚಾಯಿತು. ಸಸ್ಯಾಹಾರಿ ಬೆಕ್ಕು ಇನ್ನೇನು ಮಾಡೀತು ಎಂದು ಸಮಾಧಾನ ಹೇಳಿಕೊಂಡೆ.

ಒಂದು ಶುಕ್ರವಾರ ಮಧ್ಯಾಹ್ನ ಊಟದ ಹಾಲ್ ತುಂಬಿತ್ತು. ಬಡಿಸುವವನ ಊಟ ಕಡೆಗೆ. ನಾನು ಹಸಿದುಕೊಂಡೇ ರಾಯರ ಎಲೆಗೆ ಮೊಸರನ್ನ ಹಾಕುತ್ತಿದ್ದೆ. ಉಗ್ರಾಣದ ಬಾಗಿಲು ಸರಿಯಾಗಿ ಎಳೆದಿರಲಿಲ್ಲವೋ ಏನೋ, ಬೆಕ್ಕು ಗಂಭೀರವಾಗಿ ನಡೆದು ಬಂದು ನನ್ನ ಕಾಲ ಬಳಿ ಏನೋ ಇಟ್ಟಿತು.

ಇಲಿ. ಹೊಟ್ಟೆ ತುಂಬಿದ, ಕೊಬ್ಬಿದ ಇಲಿ. ಮೂತಿಗೆ ಮೊಸರನ್ನ ಮೆತ್ತಿತ್ತು. ಮೇಲೊಂದು ಸಾಸಿವೆ ಕಾಳು!

ಬೆಕ್ಕು ನನ್ನ ಮುಖ ನೋಡಿ, ಇಲಿಯನ್ನು ಕಾಲಲ್ಲಿ ಇನ್ನಷ್ಟು ಹತ್ತಿರ ದೂಡಿತು.

“ನೀವು ಉಣ್ಣದೆ ನಿಂತದ್ದು ನೋಡಲಿಕ್ಕಾಗದೆ ತಂದುಕೊಟ್ಟಿತು ಪಾಪ,” ಅಡಿಗೆಮನೆ ಬಾಗಿಲಿಂದ ಸುಮತಿ ಹೇಳಿದಳು. “ಮೊಸರನ್ನ ಉಣ್ತಿದ್ದದ್ದು ಯಾರು ಅಂತ ಗೊತ್ತಾಯ್ತಲ್ಲ?”

ಗೊತ್ತಾಯಿತು. ಮೊಸರನ್ನ ಇಲಿಗೆ, ಇಲಿ ಬೆಕ್ಕಿಗೆ. ಇಪ್ಪತ್ತೈದು ವರ್ಷದ ನನ್ನ ಕೈರುಚಿ ಗಾಳಕ್ಕೆ ಸಿಕ್ಕಿಸುವ ಎರೆಹುಳವಾಗಿತ್ತು! ಬೀದಿಯ ಇಲಿಗಳನ್ನೆಲ್ಲ ಕರೆದು ಬಡಿಸಿದವನು ನಾನೇ.

ರಾಯರು ಎಲೆ ಮಡಚಿದರು. ಒಳಗೆ ಮೊಸರನ್ನ ಹಾಗೇ ಇತ್ತು. “ಆ ಬೋರ್ಡಾದ್ರೂ ತೆಗೀರಿ ಸ್ವಾಮಿ,” ಎಂದು ಎದ್ದರು. ಹಿಂದೆಯೇ ಸಾಲು ಸಾಲು ಎಲೆ ಮಡಚಿದ ಸದ್ದು. ರಾಯರು ಮತ್ತೆ ಬರಲಿಲ್ಲ.

ಈಗ ನನ್ನಲ್ಲಿ ಇರುವುದು: ಮೇಜು ಆರು. ತಿಂಗಳ ಊಟದವರು ಮೂವರು. ಗೋಡೆಗೆ ಮುಖ ಮಾಡಿಟ್ಟ ಬೋರ್ಡು ಒಂದು. ಬೆಕ್ಕು ಒಂದು. ನನ್ನ ಮೊಸರನ್ನವನ್ನು ಒಂದಗುಳೂ ಬಿಡದೆ ಉಣ್ಣುವ ಇಲಿಗಳು, ನಿನ್ನೆ ಎಣಿಸಿದಾಗ, ಒಂಬತ್ತು.